ಪರಮಾದೇಶ

‘ಮ್ಯಾಂಡಮಸ್’ ಎಂಬ ಲ್ಯಾಟಿನ್ ಮಾತಿಗೆ ‘ನಾವು ಆಜ್ಞಾಪಿಸುತ್ತೇವೆ’ ಎಂದರ್ಥ. ನಮ್ಮ ಕಾನೂನು ಪಂಡಿತರು ಅದನ್ನು ‘ಪರಮಾದೇಶ’ ಎಂದು ಕನ್ನಡಿಸಿದ್ದಾರೆ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಈ ಶಬ್ದದ ಗಾಂಭೀರ್ಯ ಕಂಡರೆ ಸಂತೋಷ. ಅದರ ಅಗತ್ಯ ಬೀಳುವುದನ್ನು ಕಂಡರೆ ವ್ಯಸನ. ‘ನಿನ್ನ ಕೆಲಸವನ್ನು ನೀನು ಮಾಡಪ್ಪ’ ಎಂದು ಅಧಿಕಾರಿಗೆ ನ್ಯಾಯಾಲಯ ಹೇಳಬೇಕಾಗಿ ಬಂದಾಗ ತಾನೆ ಅದು ಹೊರಡುವುದು?

ಚುನಾವಣೆ ಬಂತೆಂದರೆ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಬೆನ್ನುನೋವು, ರಕ್ತದೊತ್ತಡಗಳ ಸುಗ್ಗಿ. ಆದರೂ ಆದೇಶ ಕೈಗೆ ಬಂದ ಮೇಲೆ ಎಲ್ಲರೂ ಮತಯಂತ್ರ ಹೊತ್ತು ಹೊರಡುವವರೇ. ಸಕಾರಣವಿಲ್ಲದೆ ಕರ್ತವ್ಯ ತಪ್ಪಿದವರಿಗೆ 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 134ನೆಯ ಪ್ರಕರಣ 500 ರೂಪಾಯಿಯವರೆಗೆ ದಂಡ ಹೇಳಿದೆ. ಸಣ್ಣವರ ಮಟ್ಟಿಗೆ ಅಷ್ಟು ಸಾಕು. ದೊಡ್ಡವರೇ ಒಲ್ಲೆವೆಂದರೆ?

ಅಮೆರಿಕೆಯಲ್ಲಿ ಹಾಗೂ ಆಯಿತು. 2022ರ ಜೂನ್‌ನಲ್ಲಿ ನ್ಯೂ ಮೆಕ್ಸಿಕೋದ ಓಟೆರೋ ಕೌಂಟಿಯ ಮೂವರು ಕಮಿಷನರುಗಳು ಮತಯಂತ್ರಗಳ ಮೇಲೆ ಸಂಶಯಪಟ್ಟು, ಪ್ರಾಥಮಿಕ ಚುನಾವಣೆಯ ಫಲಿತಾಂಶವನ್ನು ದೃಢೀಕರಿಸಲೊಲ್ಲೆವೆಂದರು. ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆಜ್ಞೆಯಿತ್ತ ಮೇಲೆ ಇಬ್ಬರು ಒಪ್ಪಿದರು. ಒಬ್ಬರು ಕೊನೆಯವರೆಗೂ ಒಪ್ಪಲಿಲ್ಲ. ಅದೇ ವರ್ಷ ಡಿಸೆಂಬರ್ 1ರಂದು ಅರಿಜೋನಾದ ಕೋಚೀಸ್ ಕೌಂಟಿಯವರಿಗೂ ನ್ಯಾಯಾಧೀಶರು ಅಂದೇ ಸಂಜೆ 5 ಗಂಟೆಯ ಗಡುವು ಹಾಕಬೇಕಾಯಿತು. ಎಣಿಸಿದ ಮತಕ್ಕೆ ಮುದ್ರೆಯೊತ್ತುವುದು ಅಧಿಕಾರಿಯ ಕೃಪೆಯಲ್ಲ, ಕರ್ತವ್ಯ.

ಅವರ ಮನೆಯ ದೋಸೆ ತೂತೆಂದು ನಾವು ನಗುವಂತಿಲ್ಲ. ನಗರಪಾಲಿಕೆಯ 5 ವರ್ಷದ ಅವಧಿ ತೀರುವ ಮುನ್ನವೇ ಹೊಸ ಚುನಾವಣೆ ಮುಗಿದಿರಬೇಕೆಂದು ಸಂವಿಧಾನದ 243-ಯು ಅನುಚ್ಛೇದ ಹೇಳುತ್ತದೆ. ಸರ್ಕಾರ ಸಹಕರಿಸದಿದ್ದರೆ ರಾಜ್ಯ ಚುನಾವಣಾ ಆಯೋಗ ಹೈಕೋರ್ಟಿಗೆ ಹೋಗಿ ಪರಮಾದೇಶ ತರಬಹುದೆಂದು, ಅಹಮದಾಬಾದಿನ ಮೊಕದ್ದಮೆಯೊಂದರಲ್ಲಿ, ಸುಪ್ರೀಂ ಕೋರ್ಟು 2006ರಲ್ಲಿ ಸ್ಪಷ್ಟಪಡಿಸಿತು. ಬೆಂಗಳೂರು ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ತೀರಿತು. ಡಿಸೆಂಬರಿನಲ್ಲಿ, ಇದ್ದ 198 ವಾರ್ಡುಗಳಿಗೇ ಬೇಗನೆ ಚುನಾವಣೆ ನಡೆಸಿರೆಂದು ಹೈಕೋರ್ಟು ಆದೇಶಿಸಿತು. ಅದೇ ತಿಂಗಳು ಸುಪ್ರೀಂ ಕೋರ್ಟು ತಡೆಯಿತ್ತಿತು. ವಾರ್ಡುಗಳು ಮೊದಲು 243 ಆದುವು, ಆಮೇಲೆ 225. 2025ರಲ್ಲಿ ಪಾಲಿಕೆಯೇ ಒಡೆದು ಐದಾಯಿತು. ಆ ಐದು ವರ್ಷಗಳಲ್ಲಿ ಚುನಾವಣೆಯೊಂದು ಮಾತ್ರ ನಡೆಯಲಿಲ್ಲ.

ನಡೆಯದಿದ್ದರೇನಂತೆ, ಅಧಿಕಾರಿಗಳಿಲ್ಲವೆ, ಎನ್ನುವವರುಂಟು. ಇದ್ದಾರೆ, ಕೆಲವರು ದಕ್ಷರೂ ಹೌದು. ಆದರೆ ಬೀದಿಯ ಚರಂಡಿ ಕಟ್ಟಿಕೊಂಡಾಗ ಅಧಿಕಾರಿಯನ್ನು ಬೈದರೆ ಆತ ವರ್ಗವಾಗಿ ಹೋಗುತ್ತಾನೆ. ಸದಸ್ಯನಾದರೋ, ಬೈಸಿಕೊಂಡರೂ ಮತ ಕೇಳಲು ಮತ್ತೆ ಅದೇ ಬಾಗಿಲಿಗೆ ಬರಬೇಕು. ಸಾಮಾನ್ಯ ಪೌರನ ಕೈಯಲ್ಲಿರುವ ಅಧಿಕಾರವೆಲ್ಲ ಅಷ್ಟೇ. ಚುನಾವಣೆಯನ್ನು ಮುಂದೂಡಿದವರು ಮುಂದೂಡಿದ್ದು ಅದನ್ನೇ.