ಕಾಣದುದೂ ಇಲ್ಲದುದೂ

ಕತ್ತಲೆಯ ಕೋಣೆಯಲ್ಲಿ ನಿಂತು ‘ಇಲ್ಲಿ ಕೊಡವಿಲ್ಲ’ ಎನ್ನುವವನ ಮಾತನ್ನು ಯಾರೂ ಪ್ರಮಾಣವಾಗಿ ಸ್ವೀಕರಿಸಲಾರರು. ವಸ್ತುವಿನ ಅಭಾವವನ್ನು ತಿಳಿಸುವ ಅನುಪಲಬ್ಧಿಯೆಂಬ ಪ್ರಮಾಣವನ್ನು ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅಂಗೀಕರಿಸಿದ್ದಾರೆ. ಆದರೆ ಅದಕ್ಕೊಂದು ನಿರ್ಬಂಧವನ್ನೂ ಹಾಕಿದ್ದಾರೆ. ಇದ್ದಿದ್ದರೆ ಕಾಣಲೇಬೇಕಾಗಿದ್ದ ಸ್ಥಿತಿಯಲ್ಲಿ ಕಾಣದೆ ಹೋದರೆ ಮಾತ್ರ ‘ಇಲ್ಲ’ವೆಂದು ನಿರ್ಣಯಿಸಬಹುದು. ಇದಕ್ಕೆ ಯೋಗ್ಯಾನುಪಲಬ್ಧಿಯೆಂದು ಹೆಸರು. ಪಾಠಶಾಲೆಗಳಲ್ಲಿ ಕೊಡದ ದೃಷ್ಟಾಂತದಿಂದ ಕಲಿಸುವ ಈ ಸೂಕ್ಷ್ಮವು ಗಣಕಯಂತ್ರದೊಳಗೂ ಎಷ್ಟು ಉಪಯುಕ್ತವಾದುದೆಂಬುದಕ್ಕೆ ಬೆಟಗೇರಿಯ ಒಂದು ನೇಕಾರ ಮನೆಯಲ್ಲಿ ನಡೆದ ಸಂಗತಿಯು ಉದಾಹರಣೆಯಾಗಿದೆ.

ಆ ಮನೆಯ ಯಜಮಾನರು ಮಗ್ಗದ ದುಡಿಮೆಯಲ್ಲಿ ಉಳಿಸಿದ ಹಣದಿಂದ ಒಂದು ಹಳೆಯ ಲ್ಯಾಪ್‌ಟಾಪನ್ನು ಕೊಂಡುತಂದಿದ್ದರು. ಪದವಿ ತರಗತಿಯ ಮಗನಿಗೂ ಹತ್ತನೆಯ ತರಗತಿಯ ಮಗಳಿಗೂ ಅದೊಂದೇ ಸಾಧನ. ನೆರೆಮನೆಯವರ ಔದಾರ್ಯದಿಂದ ನಿಸ್ತಂತು ಜಾಲದ ಸಂಪರ್ಕವು ಗೋಡೆಯಾಚೆಯಿಂದ ದೊರೆಯುತ್ತಿತ್ತು. ಮಗಳು ಪ್ರತಿ ಸಾಯಂಕಾಲ ಗಣಿತದ ಪಾಠವನ್ನು ಅದರ ಮೂಲಕವೇ ಕೇಳುತ್ತಿದ್ದಳು. ಯಂತ್ರವು ಮಂದಗತಿಯಿಂದ ನಡೆಯುತ್ತಿದ್ದುದರಿಂದ ಮಗನು ಅದರ ಲಿನಕ್ಸ್ ಕರ್ನಲನ್ನು ತಾನೇ ಹೊಸದಾಗಿ ಕಟ್ಟಲು ಸಂಕಲ್ಪಿಸಿದನು.

ಕರ್ನಲ್ ಎಂದರೆ ತಿರುಳು. ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಗುರುತಿಸಿತು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರವಾದುದರಿಂದ ಈ ಸೀಮೆಯ ವಾಚಕರಿಗೆ ಆ ಶಬ್ದವು ಹೊಸದಲ್ಲ. ಯಂತ್ರದ ಅಂಗಾಂಗಗಳಿಗೂ ಅದರ ಮೇಲೆ ನಡೆಯುವ ಕಾರ್ಯಕ್ರಮಗಳಿಗೂ ಮಧ್ಯಸ್ಥನಾಗಿ ನಿಲ್ಲತಕ್ಕ ಮೂಲ ಭಾಗವೇ ಇದು. ಫಿನ್‌ಲ್ಯಾಂಡಿನ ಲಿನಸ್ ಟೊರ್ವಾಲ್ಡ್ಸನು ವಿದ್ಯಾರ್ಥಿದಶೆಯಲ್ಲಿ 1991ರಲ್ಲಿ ಲಿನಕ್ಸನ್ನು ಪ್ರಕಟಿಸಿದನು. 1992ರಿಂದ ಅದನ್ನು ಯಾರಾದರೂ ಓದಿ, ತಿದ್ದಿ, ಪುನಃ ಕಟ್ಟಿ, ಹಂಚಬಹುದೆಂಬ ಪರವಾನಗಿಯು ಅದಕ್ಕೆ ಸೇರಿತು.

ಒಂದೊಂದು ಅಂಗವನ್ನು ನಡೆಸುವ ಕರ್ನಲಿನ ಭಾಗಕ್ಕೆ ಡ್ರೈವರ್, ಅಂದರೆ ಚಾಲಕವೆಂದು ಹೆಸರು. ಕರ್ನಲನ್ನು ಕಟ್ಟುವವನು ಪ್ರತಿಯೊಂದು ಚಾಲಕವನ್ನೂ ಪೂರ್ತಿಯಾಗಿ ಬಿಡಬಹುದು; ‘ವೈ’ ಎಂದು ಬರೆದು ತಿರುಳಿನೊಳಗೇ ಬೆಸೆಯಬಹುದು; ಇಲ್ಲವೆ ‘ಎಮ್’ ಎಂದು ಬರೆದು, ಬೇಕಾದಾಗ ಜೋಡಿಸಿಕೊಳ್ಳುವ ಬಿಡಿ ಭಾಗವಾಗಿ ಡಿಸ್ಕಿನಲ್ಲಿ ಇಡಬಹುದು. ಈ ಬಿಡಿ ಭಾಗಕ್ಕೆ ಮಾಡ್ಯೂಲ್ ಎನ್ನುತ್ತಾರೆ. ಒಳಗೆ ಬೆಸೆದದ್ದೇ ಭದ್ರವೆಂದು ಭಾವಿಸಿದ ಹುಡುಗನು ನಿಸ್ತಂತು ಕಾರ್ಡಿನ ಚಾಲಕದ ಮುಂದೆ ‘ವೈ’ ಎಂದು ಬರೆದನು. ಸ್ಥಳ ಉಳಿಯಲೆಂದು ಹಳೆಯ ಕರ್ನಲನ್ನು ಅಳಿಸಿಯೂ ಬಿಟ್ಟನು.

ಯಂತ್ರವು ಚುರುಕಾಗಿ ಎದ್ದಿತು. ಆದರೆ ನಿಸ್ತಂತು ಸಂಪರ್ಕವು ಸಂಪೂರ್ಣ ನಿಂತುಹೋಯಿತು. ಪಕ್ಕದ ಗುಂಡಿಯನ್ನು ಒತ್ತಿ ನೋಡಿದ್ದಾಯಿತು, ನೆರೆಮನೆಯ ಗುಪ್ತಪದವನ್ನು ಮತ್ತೆ ಬರೆದದ್ದಾಯಿತು. ಅಂಗಡಿಯವನೊಬ್ಬನು ನೋಡಿ, ಕಾರ್ಡು ಸುಟ್ಟಿದೆ, ಹೊಸದು ಹಾಕಬೇಕು ಎಂದನು. ಯಜಮಾನರು ಬೇಸತ್ತು, “ತಮ್ಮಾ, ಇದನ್ನ ಮಾರಿಬಿಡೂಣು. ಹುಡುಗಿ ಪರೀಕ್ಷಾ ಹತ್ತರ ಬಂತು” ಎಂದರು. ಮಗನು, “ಎರಡ ದಿವಸ ತಡೀರಿ ಅಪ್ಪಾ. ಕಾರ್ಡ ಸುಟ್ಟೈತಿ ಅನ್ನಾಕ ಇನ್ನೂ ಸಾಕ್ಷಿ ಇಲ್ಲ” ಎಂದು ಬೇಡಿಕೊಂಡನು.

ಅವನು ಆಶ್ರಯಿಸಿದ ಮಾರ್ಗವು ಅನ್ವಯ-ವ್ಯತಿರೇಕದ್ದು. ಯಾವುದು ಇದ್ದಾಗ ಕಾರ್ಯವು ಆಗುವುದೋ, ಇಲ್ಲದಾಗ ಆಗದೋ, ಅದೇ ಕಾರಣ. ಲಕ್ಷ್ಮೇಶ್ವರದ ಗೆಳೆಯನೊಬ್ಬನಲ್ಲಿ ಅದೇ ಜಾತಿಯ ಯಂತ್ರವಿತ್ತು. ಅವನು ಸಿದ್ಧ ಲಿನಕ್ಸನ್ನು ಪೆನ್‌ಡ್ರೈವಿನಲ್ಲಿ ತುಂಬಿ ಕೊಟ್ಟನು. ಅದರಿಂದ ಎಬ್ಬಿಸಿದೊಡನೆ ಬೆಟಗೇರಿಯ ಯಂತ್ರದಲ್ಲಿ ಸಂಪರ್ಕವು ನಿರ್ವಿಘ್ನವಾಗಿ ಬಂದಿತು. ಕಾರ್ಡು ಅದೇ, ಗೋಡೆಯೂ ಅದೇ, ನೆರೆಮನೆಯೂ ಅದೇ. ಬದಲಾದದ್ದು ಕರ್ನಲ್ ಮಾತ್ರ. ಕಾರ್ಡು ನಿರ್ದೋಷಿಯೆಂದು ಸಿದ್ಧವಾಯಿತು.

ಕರ್ನಲ್ ತಾನು ಏಳುವಾಗ ಮಾಡಿದ ಮುಖ್ಯ ಕೆಲಸಗಳನ್ನು ಕ್ಷಣಗಣನೆಯ ಸಹಿತ ದಾಖಲಿಸುತ್ತದೆ. ಆ ದಾಖಲೆಯಲ್ಲಿ, ‘ಬಿ43’ ಎಂಬ ಚಾಲಕಕ್ಕೆ ಬೇಕಾದ ಫರ್ಮ್‌ವೇರ್ ಕಡತವು ಸಿಕ್ಕಲಿಲ್ಲವೆಂದೂ ದೋಷಸಂಖ್ಯೆ ಋಣ 2 ಎಂದೂ ಬರೆದಿತ್ತು. ‘ಅಂಥ ಕಡತವಿಲ್ಲ’ ಎಂಬುದೇ ಆ ಸಂಖ್ಯೆಯ ಅರ್ಥ. ಈ ಬಗೆಯ ಕಾರ್ಡಿನೊಳಗೆ ಅದರದೇ ಆದ ಸಣ್ಣ ಗಣಕವಿದ್ದು, ಅದಕ್ಕೆ ಬೇಕಾದ ಸೂಚನೆಗಳನ್ನು ಯಂತ್ರವು ಎದ್ದಾಗಲೆಲ್ಲ ಚಾಲಕವು ಡಿಸ್ಕಿನಿಂದ ತಂದು ತುಂಬಬೇಕು. ಆ ಸೂಚನೆಗಳೇ ಫರ್ಮ್‌ವೇರ್. ಆಶ್ಚರ್ಯವೇನೆಂದರೆ, ಇಲ್ಲವೆಂದು ಹೇಳಿದ ಕಡತವು ಡಿಸ್ಕಿನಲ್ಲಿ ಇರಬೇಕಾದ ಜಾಗದಲ್ಲಿಯೇ, ಸರಿಯಾದ ಹೆಸರಿನಿಂದಲೇ ಇತ್ತು!

ಹುಡುಗನು ಹೆಸರುಗಳನ್ನು ಬಿಟ್ಟು ದಾಖಲೆಯ ಎಡಬದಿಯ ಕಾಲಸಂಖ್ಯೆಗಳನ್ನು ಓದಿದಾಗ ಗಂಟು ಬಿಚ್ಚಿತು. ತಿರುಳಿನೊಳಗೆ ಬೆಸೆದ ಚಾಲಕವು ಎರಡನೆಯ ಸೆಕೆಂಡಿನಲ್ಲಿಯೇ ಎಚ್ಚೆತ್ತು ಕಡತವನ್ನು ಕೇಳಿತ್ತು. ಡಿಸ್ಕನ್ನು ಕರ್ನಲ್ ತೆರೆದದ್ದು ನಾಲ್ಕನೆಯ ಸೆಕೆಂಡಿನಲ್ಲಿ. ಉಗ್ರಾಣದ ಬಾಗಿಲು ತೆರೆಯುವ ಮೊದಲೇ ಅಕ್ಕಿಯನ್ನು ಕೇಳಿ, ಅಕ್ಕಿಯಿಲ್ಲವೆಂದು ಅಡಿಗೆಯವನು ಹೊರಟುಹೋದಂತಾಯಿತು. ದೇಶವು ಸರಿಯಾಗಿದ್ದು ಕಾಲವು ತಪ್ಪಿತ್ತು. ಗೆಳೆಯನ ಕರ್ನಲಿನಲ್ಲಿ ಅದೇ ಚಾಲಕದ ಮುಂದೆ ‘ಎಮ್’ ಎಂದಿತ್ತು. ಮಾಡ್ಯೂಲು ಡಿಸ್ಕಿನಲ್ಲಿಯೇ ಇರುವುದರಿಂದ ಡಿಸ್ಕು ತೆರೆದ ಮೇಲೆಯೇ ಅದು ಎಚ್ಚರಗೊಳ್ಳುತ್ತದೆ. ಫರ್ಮ್‌ವೇರನ್ನೂ ತಿರುಳಿನೊಳಗೇ ಸೇರಿಸುವುದು ಇನ್ನೊಂದು ಉಪಾಯ. ಹುಡುಗನು ಮೊದಲನೆಯದನ್ನು ಆಯ್ದು, ಒಂದು ಅಕ್ಷರವನ್ನು ತಿದ್ದಿ, ಕರ್ನಲನ್ನು ಮತ್ತೆ ಕಟ್ಟಿದನು. ಮರುದಿನ ಸಾಯಂಕಾಲ ತಂಗಿಯ ಗಣಿತಪಾಠವು ಮುಂದುವರಿಯಿತು.

ಆ ಚಾಲಕದ ಪೂರ್ವವೃತ್ತಾಂತವೂ ಸ್ಮರಣೀಯವಾದುದು. ಕಾರ್ಡನ್ನು ತಯಾರಿಸಿದ ಬ್ರಾಡ್‌ಕಾಮ್ ಕಂಪನಿಯು ಅದರ ಕಾರ್ಯವಿಧಾನವನ್ನು ಪ್ರಕಟಿಸಿರಲಿಲ್ಲ. ಸ್ವಯಂಸೇವಕರು ಎರಡು ತಂಡಗಳಾದರು. ಒಂದು ತಂಡವು ಕಂಪನಿಯ ಚಾಲಕದ ವರ್ತನೆಯನ್ನು ಪರೀಕ್ಷಿಸಿ ವಿವರಣೆಯನ್ನು ಬರೆಯಿತು. ಮೂಲವನ್ನು ಕಾಣದ ಇನ್ನೊಂದು ತಂಡವು ಆ ವಿವರಣೆಯೊಂದನ್ನೇ ಆಧರಿಸಿ ಹೊಸ ಚಾಲಕವನ್ನು ರಚಿಸಿತು. ಅದು 2006ರಲ್ಲಿ ಲಿನಕ್ಸಿನ 2.6.17ನೆಯ ಆವೃತ್ತಿಯಲ್ಲಿ ಸೇರಿತು. ಅದರ ಉತ್ತರಾಧಿಕಾರಿಯಾದ ‘ಬಿ43’ 2008ರಲ್ಲಿ ಬಂದಿತು. ತನ್ನ ಹೊಸ ಕಾರ್ಡುಗಳ ಚಾಲಕವೊಂದರ ಮೂಲವನ್ನು 2010ರಲ್ಲಿ ಕಂಪನಿಯೇ ಪ್ರಕಟಿಸಿತು. ಕಾಣದುದನ್ನು ಇಲ್ಲವೆಂದು ಕೈಬಿಡದೆ, ಕಾಣುವ ಬಗೆಯನ್ನು ಹುಡುಕಿದವರ ಪರಿಶ್ರಮವು ಬೆಟಗೇರಿಯ ಆ ಮನೆಯವರೆಗೂ ತಲುಪಿದೆ.

ವಿದ್ಯಾಶಾಲೆಗಳಲ್ಲಿಯೂ ಇಂಥ ಪ್ರಸಂಗಗಳು ವಿರಳವಲ್ಲ. ಪ್ರಶ್ನೆಗೆ ತಡವರಿಸಿದ ಬಾಲಕನನ್ನು ಬುದ್ಧಿಯಿಲ್ಲದವನೆಂದು ಒಂದೇ ಮಾತಿನಲ್ಲಿ ತೀರ್ಮಾನಿಸುವುದುಂಟು. ಅವನ ಮನಸ್ಸಿನ ಬಾಗಿಲು ತೆರೆದ ಮೇಲೆ ಕೇಳಲಾಯಿತೋ, ಮೊದಲೇ ಕೇಳಲಾಯಿತೋ ಎಂದು ವಿಚಾರಿಸುವವರು ಸ್ವಲ್ಪ ಜನ. ಯಂತ್ರದ ವಿಷಯದಲ್ಲಿ ದುಡುಕಿದರೆ ನಷ್ಟವಾಗುವುದು ಹಣ. ಮಕ್ಕಳ ವಿಷಯದಲ್ಲಿ ದುಡುಕಿದರೆ ಆಯುಷ್ಯವೇ ನಷ್ಟವಾಗಬಹುದು.

ಆ ಹುಡುಗನು ತನ್ನ ಶೋಧನೆಯ ಕ್ರಮವನ್ನು ಕನ್ನಡದಲ್ಲಿ ಎರಡು ಪುಟ ಬರೆದು, ಶಿರಹಟ್ಟಿ ಮುಂಡರಗಿಗಳ ಸಹಪಾಠಿಗಳಿಗೆ ಕೊಟ್ಟಿದ್ದಾನೆ. ಅದರ ಮೊದಲನೆಯ ಸೂಚನೆಯು ಹಳೆಯ ಕರ್ನಲನ್ನು ಅಳಿಸಬಾರದೆಂಬುದು. ಎರಡನೆಯದು, ‘ಇಲ್ಲ’ ಎಂಬ ಉತ್ತರ ಬಂದಾಗ ಯಾವಾಗ ಕೇಳಿದ್ದೆಂಬುದನ್ನು ಮೊದಲು ನೋಡಬೇಕೆಂಬುದು.