ಬ್ಯಾರಿಸ್ಟರ್ ಮಾಸ್ತರರು
ಹಗಲೆಲ್ಲ ಫೋರ್ಟಿನ ಹೋಟೇಲಿನಿಂದ ವಕೀಲರ ಕಚೇರಿಗಳಿಗೆ ಚಹಾ ಒಯ್ಯುತ್ತ, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತವನು ನಾನು. ಒಮ್ಮೆ ಕಚೇರಿಯೊಂದರಲ್ಲಿ ಕಾನೂನಿನ ಗ್ರಂಥವನ್ನು ಮುಟ್ಟಿದುದಕ್ಕೆ ಬೈಗುಳ ತಿಂದು, ಓದನ್ನೇ ಬಿಡುವೆನೆಂದು ನಿಶ್ಚಯಿಸಿದೆ. ಆಗ ನಮ್ಮ ಮಾಸ್ತರರು ಡಾ. ಅಂಬೇಡ್ಕರರ ಸಂಗತಿಯನ್ನು ಹೇಳಿದರು. 1923ರಲ್ಲಿ ಅವರು ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಬ್ಯಾರಿಸ್ಟರರಾಗಿ ವೃತ್ತಿಯನ್ನಾರಂಭಿಸಿದಾಗ, ಮೊಕದ್ದಮೆಗಳನ್ನು ಒಪ್ಪಿಸಬೇಕಾದ ಸಾಲಿಸಿಟರರು ಜಾತಿಯನ್ನು ನೋಡಿ ಅವರನ್ನು ದೂರವಿರಿಸಿದರಂತೆ. ಜೀವನೋಪಾಯಕ್ಕಾಗಿ 1925ರಿಂದ ಬಾಟ್ಲಿಬಾಯ್ ಅಕೌಂಟೆನ್ಸಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನನ್ನು ಕಲಿಸಿದರು. ಕರಾರು, ಹುಂಡಿ, ಪಾಲುದಾರಿಕೆ ಮುಂತಾದ ವರ್ತಕರ ವ್ಯಾಜ್ಯಗಳ ಶಾಸ್ತ್ರವನ್ನು, ಆ ವರ್ತಕರ ವ್ಯಾಜ್ಯಗಳು ಅಪರೂಪಕ್ಕೆ ದೊರೆಯುತ್ತಿದ್ದ ಬ್ಯಾರಿಸ್ಟರರೇ ಬೋಧಿಸಿದುದು ವಿಚಿತ್ರವಲ್ಲವೆ! 1935ರಲ್ಲಿ ಅವರು ಸರಕಾರಿ ಕಾನೂನು ಕಾಲೇಜಿನ ಪ್ರಾಂಶುಪಾಲರಾದರು. ಮರುದಿನ ಚರ್ಚ್‌ಗೇಟಿನಲ್ಲಿರುವ ಆ ಕಾಲೇಜಿನ ಬಾಗಿಲವರೆಗೆ ನಡೆದುಹೋದೆ. ಒಳಹೊಗಲು ಧೈರ್ಯ ಬರಲಿಲ್ಲ. ರಾತ್ರಿ ಶಾಲೆಗೆ ತಡವಾಗಿ ಬಂದೆ. ಮಾಸ್ತರರು ಏನನ್ನೂ ಕೇಳಲಿಲ್ಲ.