ಮಾಡು ಬಿಚ್ಚುವ ಮುನ್ನ ಒಂದು ಸೂರು

ಉಳ್ಳಾಲದ ಓಣಿಗಳಲ್ಲಿ ನಡೆದರೆ ಹಂಚಿನ ಮನೆಗಳು ಈಗಲೂ ಕಾಣಸಿಗುತ್ತವೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಈ ಹಂಚು ಕರಾವಳಿಯ ಮನೆಮನೆಗೂ ಬಂತು. ಅಂತಹ ಮಾಡನ್ನು ಬಿಚ್ಚಿ ತಾರಸಿ ಹಾಕಿಸುವಾಗ ಮನೆಮಂದಿ ಎಲ್ಲಿರಬೇಕು? ಸಿಮೆಂಟು, ಕಬ್ಬಿಣದ ಲೆಕ್ಕ ಗಂಡಸರು ಹಾಕುತ್ತಾರೆ. ಈ ಚಿಂತೆ ಮಾತ್ರ ನಿಮ್ಮ ಪಾಲಿಗೆ ಬರುತ್ತದೆ.

ದೂರದ ದೊಡ್ಡ ಮನೆಗಿಂತ ಅದೇ ಓಣಿಯ ಚಿಕ್ಕ ಬಾಡಿಗೆ ಮನೆ ಮೇಲು. ಮಕ್ಕಳ ಶಾಲೆ ದೂರವಾಗದು, ಕೆಲಸದ ಮೇಲೆ ಕಣ್ಣಿಡಬಹುದು, ಅತ್ತೆಗೆ ಮಾತಿಗೆ ಪರಿಚಿತರು ಸಿಗುತ್ತಾರೆ. ವಯಸ್ಸಾದವರಿದ್ದರೆ ನೆಲಮಹಡಿಯನ್ನೇ ಹುಡುಕಿ. ಕಡಲಿಗೆ ಹತ್ತಿರದ ಬಾವಿಗಳಲ್ಲಿ ಬೇಸಗೆಯಲ್ಲಿ ಉಪ್ಪುನೀರು ಬರುವುದುಂಟು. ಮುಂಗಡ ಕೊಡುವ ಮೊದಲು ಅಕ್ಕಪಕ್ಕದ ಹೆಂಗಸರಲ್ಲಿ ವಿಚಾರಿಸಿ.

ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಕೆಲಸ ಬೇಗ ಮುಗಿದರೆ ಬಿಡುವ, ತಡವಾದರೆ ಉಳಿಯುವ ಮಾತನ್ನು ಅದರಲ್ಲೇ ಬರೆಸಿಕೊಳ್ಳಿ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಆದ್ದರಿಂದ ಹಿಂದಿನ ಮಳೆಗಾಲ ಮುಗಿಯುತ್ತಿದ್ದಂತೆಯೇ ಮನೆ ಹುಡುಕಲು ತೊಡಗಿ. ಬಾಡಿಗೆ ಮನೆಯ ಕೀಲಿಕೈ ಕೈಗೆ ಬರುವವರೆಗೆ ಒಂದು ಹಂಚನ್ನೂ ಇಳಿಸಲು ಬಿಡಬೇಡಿ.